ಅಕ್ಕನ ಕನಸಿನ ದೋಣಿ

ಭೋಜ
೨೪ ಏಪ್ರಿಲ್ ೧೯೮೮

ತಮ್ಮ ಪಾರಿಸನಿಗೆ ಅಕ್ಕ ಕಾಶಿಬಾಯಿ ಬರೆದದ್ದು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲ ಸಾಲು ಬರೆಯಬೇಕು, ಬರೆದಿದ್ದೇನೆ. ನಮ್ಮ ಮನೆಯವರು, ನಿಮ್ಮ ಮಾವ, ತಂಬಾಕಿನ ಗಾಡಿಯ ಹಿಂದೆ ನಿಪ್ಪಾಣಿಗೆ ಹೋದವರು ಇನ್ನೂ ಬಂದಿಲ್ಲ. ಮನೆಯಲ್ಲಿ ನಾನೊಬ್ಬಳೇ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಶೇವಂತಾಳಿಗೆ ಈಗ ನಾಲ್ಕು ತಿಂಗಳು ತುಂಬಿ ಐದರಲ್ಲಿ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ನನ್ನ ತವರುಮನೆಗೇ ಸೊಸೆಯಾಗಿ ಹೋದಳು, ಜುಗೂಳದ ಹೊಳೆಯ ನೀರು ಅವಳಿಗೂ ಒಗ್ಗುತ್ತದೆ ಎಂದು ನನಗೆ ಧೈರ್ಯವಿತ್ತು. ಈಗ ಆ ಹೊಳೆಯೇ ನನ್ನನ್ನು ಹೆದರಿಸುತ್ತಿದೆ. ಯುಗಾದಿ ಆದಾಗಿನಿಂದ ಬೆಳಗಿನ ಜಾವ ಒಂದೇ ಕನಸು. ನಿಮ್ಮೂರ ಘಾಟಿನಲ್ಲಿ ದೋಣಿ ಹೊರಳುತ್ತದೆ. ಸದ್ದು ಇಲ್ಲ, ಕೂಗು ಇಲ್ಲ. ದೋಣಿ ಮಗ್ಗುಲಾಗುತ್ತದೆ, ನೀರು ಮುಚ್ಚಿಕೊಳ್ಳುತ್ತದೆ, ಮೇಲೆ ಹಸಿರು ಬಳೆ ಹಾಕಿದ ಒಂದು ಕೈ ಕಾಣುತ್ತದೆ. ಅಷ್ಟಕ್ಕೆ ಎಚ್ಚರ.

ಪಕ್ಕದ ಮನೆಯ ಚನ್ನವ್ವನನ್ನು ಕೇಳಿದೆ. ಕನಸಿನಲ್ಲಿ ದೋಣಿ ಮುಳುಗಿದರೆ ಮನೆಯ ಬಂಗಾರ ಕಳೆಯುತ್ತದೆ ಎಂದಳು. ಬಸ್ತಿಯ ಉಪಾಧ್ಯೆಯವರನ್ನು ಕೇಳಿದೆ. ತೀರ್ಥಂಕರರ ತಾಯಿ ಕಂಡ ಹದಿನಾರು ಕನಸುಗಳಲ್ಲಿ ಮೀನು ಇದೆ, ಸರೋವರ ಇದೆ, ಸಮುದ್ರವೂ ಇದೆ, ದೋಣಿ ಮಾತ್ರ ಇಲ್ಲ, ಆದ್ದರಿಂದ ನನಗೆ ಹೇಳಲಿಕ್ಕೆ ಬರುವುದಿಲ್ಲ ಎಂದು ಕೈ ಮುಗಿದರು.

ನೀನು ಘಾಟಿನಲ್ಲಿ ಕೂತು ಊರವರ ಕನಸಿಗೆಲ್ಲ ಅರ್ಥ ಹೇಳುತ್ತಿದ್ದೀಯಂತೆ. ಶೇವಂತಾ ಬರೆದಿದ್ದಳು. ಬಾಯಿಗೆ ಬಂದದ್ದು ಹೇಳುತ್ತೀಯ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆದರೂ ಹೇಳು. ನಗಿಸಬೇಡ, ಅರ್ಥ ಹೇಳು.

ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಅಧಿಕ ಮಾಸ ಮುಗಿದ ಕೂಡಲೇ, ಹೊಳೆ ತುಂಬುವ ಮೊದಲು, ನೀನೇ ಅವಳನ್ನು ಕರೆದುಕೊಂಡು ಬಾ. ಸೇತುವೆ ಸುತ್ತಿ ಬರುವ ಬಸ್ಸು ಬೇಡ, ಆ ರಸ್ತೆಯಲ್ಲಿ ಬಸುರಿಯ ಕರುಳೇ ಕೆಳಗೆ ಬೀಳುತ್ತದೆ. ದೋಣಿಯಲ್ಲೇ ಬರಬೇಕು. ಅದೇ ನನ್ನ ಸಂಕಟ.

ಅಕ್ಕ


ಜುಗೂಳ
೫ ಮೇ ೧೯೮೮

ಅಕ್ಕನಿಗೆ ಪಾರಿಸನ ಜಯಜಿನೇಂದ್ರ.

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನ ಅಕ್ಷರ ಇದು. ಕಾಗೆ ಕಾಲಿನ ಹಾಗೆ ಕಂಡರೆ ಕಾಗೆಯನ್ನು ಬೈಯಿ. ಇನ್ನೊಂದು ಮಾತು, ನಾನು ಈಗ ನಿನ್ನ ತಮ್ಮ ಅಷ್ಟೇ ಅಲ್ಲ, ಬೀಗನೂ ಹೌದು. ತಮ್ಮನನ್ನು ಎಷ್ಟು ಬೇಕಾದರೂ ಬೈಯಬಹುದು, ಬೀಗನಿಗೆ ಮಾತ್ರ ಮಣೆ ಹಾಕಿ ಕೂಡಿಸಿ ಹೋಳಿಗೆ ಬಡಿಸಬೇಕು. ಪತ್ರ ಬರೆಯುವಾಗ ಯಾರಿಗೆ ಬರೆಯುತ್ತಿದ್ದೀಯ ಎಂದು ಮೊದಲೇ ನಿಶ್ಚಯ ಮಾಡಿಕೋ.

ಕನಸಿನ ಧಂದೆ ಹೇಗೆ ಶುರುವಾಯಿತು ಎಂದು ಹೇಳುತ್ತೇನೆ. ನಮ್ಮ ನಾವಿಕ ಮಲಕಾರಿಯ ಸ್ವಭಾವ ನಿನಗೆ ಗೊತ್ತು. ದೋಣಿ ತುಂಬುವ ತನಕ ಹುಟ್ಟು ಮುಟ್ಟುವುದಿಲ್ಲ. ಜನ ಬೇವಿನ ಮರದ ಕೆಳಗೆ ಕಾಯುತ್ತಾರೆ. ಕಾಯುವ ಜನಕ್ಕೆ ಮಾತು ಬೇಕು. ಒಂದು ದಿನ ಮುರಗೆಪ್ಪ ತನ್ನ ಕಳೆದ ಎತ್ತು ಕನಸಿನಲ್ಲಿ ಬಂದು ಜೋರಾಗಿ ಸೀನಿತು ಎಂದ. ಸೀನಿದರೆ ಮೂಡಲ ಕಡೆಯಿಂದ ಬರುತ್ತದೆ ಎಂದೆ. ಸುಮ್ಮನೆ ಅಂದದ್ದು. ಸಂಜೆಗೆ ಎತ್ತು ಮೂಡಲ ಕಡೆಯಿಂದಲೇ ಬರಬೇಕೆ? ಅವತ್ತಿನಿಂದ ನನ್ನ ಮುಂದೆ ಎಲೆ ಅಡಿಕೆ ಇಟ್ಟು ಕನಸು ಹೇಳುತ್ತಾರೆ. ನಾನು ಕಟ್ಟಿಕೊಂಡವಳು, ನಿನ್ನ ನಾದಿನಿ ಲಕ್ಷ್ಮಿಬಾಯಿ ಮಾತ್ರ ನಂಬುವುದಿಲ್ಲ. ಅವಳ ಕನಸಿನಲ್ಲಿ ದಿನಾ ನಾನೇ ಬರುತ್ತೇನಂತೆ, ಅರ್ಥ ಕೇಳಲಿಕ್ಕೆ ಹೆದರಿಕೆಯಂತೆ.

ಈಗ ನಿನ್ನ ಕನಸಿಗೆ ಬರುತ್ತೇನೆ. ಬಸುರಿಯ ತಾಯಿಗೆ ಕಂಡ ದೋಣಿ ದೋಣಿಯಲ್ಲ, ತೊಟ್ಟಿಲು. ಆಕಾರ ನೋಡಿಕೋ, ಎರಡೂ ಒಂದೇ. ತೊಟ್ಟಿಲು ಯಾಕೆ ಹೊರಳುತ್ತದೆ? ಒಳಗಿನ ಕೂಸು ಗಟ್ಟಿಮುಟ್ಟಾಗಿ ಒದೆಯುವುದಕ್ಕೆ. ಹಸಿರು ಬಳೆಯ ಕೈ ಯಾಕೆ ಮೇಲೆ ಬರುತ್ತದೆ? ತೊಟ್ಟಿಲ ಹಗ್ಗ ಹಿಡಿಯುವುದಕ್ಕೆ. ಹೆದರಬೇಡ.

ಆದರೆ ಆ ದೋಣಿಯಲ್ಲಿ ಯಾರು ಯಾರು ಕೂತಿದ್ದರು ಎಂದು ನೀನು ಬರೆಯಲಿಲ್ಲ. ಯಾರಿದ್ದರು ಎನ್ನುವುದರ ಮೇಲೆ ಅರ್ಥ ಆ ಕಡೆ ಈ ಕಡೆ ಆಗುತ್ತದೆ. ಅದನ್ನು ಬರೆ.

ಶೇವಂತಾ ಚೆನ್ನಾಗಿದ್ದಾಳೆ. ಹುಣಸೆಕಾಯಿ ಕೇಳಿದಳು ಎಂದು ನನ್ನ ಮಗ, ನಿನ್ನ ಅಳಿಯ ಜಯಪಾಲ ಮರ ಹತ್ತಿ ಧೋತರ ಹರಿದುಕೊಂಡ. ಅಧಿಕ ಮಾಸ ಮುಗಿಯುತ್ತಲೇ ಜೂನ್ ಹದಿನಾರು, ಗುರುವಾರ, ನಾನೇ ಕರೆತರುತ್ತೇನೆ. ಹೋಳಿಗೆಗೆ ಬೇಳೆ ನೆನೆಹಾಕು.

ಪಾರಿಸ


ಭೋಜ
೨೮ ಮೇ ೧೯೮೮

ಪಾರಿಸ,

ತೊಟ್ಟಿಲು ಎಂದು ಓದಿ ಮನಸ್ಸು ಹಗುರಾಯಿತು. ಎರಡು ದಿನ ಚೆನ್ನಾಗಿ ನಿದ್ದೆ ಬಂತು. ಆಮೇಲೆ ಶೇವಂತಾಳ ಕಾಗದ ಬಂತು. ಅದೇ ವಾರ ಘಾಟಿನಲ್ಲಿ ಯಾವಳಿಗೋ ದೋಣಿ ಎಂದರೆ ಸವತಿ ಎಂದು ಹೇಳಿ ಅಳಿಸಿದೆಯಂತೆ. ನನಗೆ ತೊಟ್ಟಿಲು, ಅವಳಿಗೆ ಸವತಿ. ಅರ್ಥ ಹೇಳುವವನು ಎದುರಿಗೆ ಕೂತವರ ಮುಖ ನೋಡಿ ಹೇಳಿದರೆ ಅದಕ್ಕೆ ಅರ್ಥ ಎನ್ನುತ್ತಾರೆಯೇ?

ಕನಸು ನಿಂತಿಲ್ಲ. ಮೊದಲು ದೂರದಿಂದ ಕಾಣುತ್ತಿತ್ತು, ಈಗ ಹತ್ತಿರ ಬಂದಿದೆ. ನೀರಿನ ವಾಸನೆಯೂ ಬರುತ್ತದೆ. ದೋಣಿಯಲ್ಲಿ ಯಾರಿದ್ದರು ಎಂದು ಕೇಳಿದೆ. ಅದನ್ನು ಕೇಳಬೇಡ. ಬಾಯಿಬಿಟ್ಟು ಹೇಳಿದ ಕನಸು ಕಾಲು ಬಂದು ನಡೆಯುತ್ತದೆ ಎಂದು ಅವ್ವ ಹೇಳುತ್ತಿದ್ದಳು, ನೆನಪಿಲ್ಲವೇ?

ನಡುಮನೆಗೆ ಸುಣ್ಣ ಹೊಡೆಸಿದ್ದೇನೆ. ಬಾಣಂತಿ ಮಲಗುವ ಹೊರಸಿಗೆ ಹೊಸ ನುಲಿ ಹಗ್ಗ ಹಾಕಿಸಿದೆ. ಅಂಟಿನ ಉಂಡೆಗೆ ಒಣಕೊಬ್ಬರಿ ಬಂದಿದೆ. ಹದಿನಾರಕ್ಕೆ ನಿಮ್ಮ ಮಾವ ಈಚೆ ದಂಡೆಗೆ ಸವಾರಿ ಗಾಡಿ ತಂದು ನಿಲ್ಲುತ್ತಾರೆ. ದೋಣಿಯಲ್ಲಿ ಜನ ಕಡಿಮೆ ಇರಲಿ. ಮಲಕಾರಿ ಗೊಣಗಿದರೆ ಗೊಣಗಲಿ.

ಅಕ್ಕ


ಜುಗೂಳ
೨೦ ಜೂನ್ ೧೯೮೮

ಅಕ್ಕನಿಗೆ ಜಯಜಿನೇಂದ್ರ.

ಹದಿನಾರಕ್ಕೆ ಬರಲಿಲ್ಲ ಎಂದು ಮಾವ ಗಾಡಿ ಹೊಡೆದುಕೊಂಡು ಸಿಟ್ಟಿನಿಂದ ತಿರುಗಿ ಹೋದರಂತೆ. ನನ್ನ ಪರವಾಗಿ ಒಂದು ಲೋಟ ಮಜ್ಜಿಗೆ ಕೊಡು. ಏನಾಯಿತೆಂದರೆ, ಅವತ್ತು ಬೆಳಿಗ್ಗೆ ಹಲ್ಲಿ ಲೊಚಗುಟ್ಟಿತು. ಆಮೇಲೆ ಎಡ ಎತ್ತು ಕುಂಟಿತು. ಆಮೇಲೆ ನಿನ್ನ ನಾದಿನಿಗೆ ನೆಗಡಿ. ಆಮೇಲೆ ನನಗೂ ನೆಗಡಿ. ಈಗ ಮನೆಯಲ್ಲಿ ಎಲ್ಲರಿಗೂ ನೆಗಡಿ. ಒಬ್ಬರು ಸೀನಿದರೆ ಇನ್ನೊಬ್ಬರು ಉತ್ತರ ಕೊಡುತ್ತಾರೆ, ಮನೆ ಭಜನೆ ಮೇಳದ ಹಾಗಿದೆ.

ಕಾಗದ ಒದ್ದೆಯಾಗಿ ಒಣಗಿದ ಹಾಗೆ ಕಂಡರೆ ಬೇರೆ ಏನೂ ಅಲ್ಲ, ಕಿಸೆಯಲ್ಲಿ ಇಟ್ಟುಕೊಂಡು ಮಳೆಯಲ್ಲಿ ನೆನೆದೆ. ಹೊಸ ಚಪ್ಪಲಿಯೂ ಹೋಯಿತು. ಎಲ್ಲಿ ಹೋಯಿತು ಎಂದು ಹೇಳಿದರೆ ನಗುತ್ತೀಯ, ಅದಕ್ಕೇ ಹೇಳುವುದಿಲ್ಲ.

ಶೇವಂತಾ ಆರಾಮ ಇದ್ದಾಳೆ. ಸ್ವಲ್ಪ ಮಾತು ಕಡಿಮೆ ಮಾಡಿದ್ದಾಳೆ. ಅವಳ ಮಂಚವನ್ನು ಹಿತ್ತಲ ಕೋಣೆಗೆ ಹಾಕಿಸಿದ್ದೇವೆ, ಅಲ್ಲಿ ಗಾಳಿ ಚೆನ್ನಾಗಿದೆ. ಹೊಳೆ ಕಡೆಯ ಕಿಟಕಿ ಮುಚ್ಚಿದ್ದೇವೆ, ಸೊಳ್ಳೆ.

ಈಗ ಅವಳನ್ನು ಅಲ್ಲಾಡಿಸುವುದು ಬೇಡ ಎಂದು ನನ್ನ ಅಭಿಪ್ರಾಯ. ಇಲ್ಲೇ ಆಗಲಿ ಬಾಣಂತನ. ನಿನಗೂ ಇದು ತವರು, ಅವಳಿಗೂ ಮನೆ. ನೀನೇ ಬಂದುಬಿಡು. ಕನಸಿನ ಬಗ್ಗೆ ಚಿಂತೆ ಬಿಡು. ಮೂರು ಸಲ ಕಂಡ ದೋಣಿ ಹಳೆಯದಾಗುತ್ತದೆ, ಹಳೆಯ ದೋಣಿಯ ಕಟ್ಟಿಗೆ ಒಲೆಗೆ ಹೋಗುತ್ತದೆ, ಒಲೆ ಉರಿದರೆ ಮನೆಯಲ್ಲಿ ಊಟ. ನೋಡು, ಅರ್ಥ ಒಳ್ಳೆಯದೇ ಇದೆ.

ಪಾರಿಸ


ಭೋಜ
೩೦ ಜೂನ್ ೧೯೮೮

ಪಾರಿಸ,

ಈ ಕಾಗದ ಬೀಗನಿಗೆ ಎಂದು ತಿಳಿದುಕೋ.

ಹಲ್ಲಿ, ಎತ್ತು, ನೆಗಡಿ. ನಾನು ಚಿಕ್ಕ ಹುಡುಗಿಯೇ? ಸುಣ್ಣ ಹೊಡೆದ ಮನೆಯಲ್ಲಿ ಖಾಲಿ ಹೊರಸು ಇಟ್ಟುಕೊಂಡು ಕೂತಿದ್ದೇನೆ. ಓಣಿಯ ಹೆಂಗಸರು ಒಬ್ಬೊಬ್ಬರೇ ಬಂದು ಇಣುಕಿ ಹೋಗುತ್ತಾರೆ. ಚೊಚ್ಚಲ ಬಸುರಿಯನ್ನು ತವರಿಗೆ ಕಳಿಸಲಿಲ್ಲ ಎಂದರೆ ಜನ ಎರಡೇ ಮಾತು ಆಡುತ್ತಾರೆ. ಹುಡುಗಿಯ ಅವ್ವನ ಮನೆಯಲ್ಲಿ ತಿನ್ನಲು ಇಲ್ಲ, ಇಲ್ಲದಿದ್ದರೆ ಗಂಡನ ಮನೆಯವರಿಗೆ ಆ ಮನೆ ಸೇರುವುದಿಲ್ಲ. ಲಕ್ಷ್ಮಿಬಾಯಿ ಕಳಿಸಬೇಡ ಎಂದಿದ್ದರೆ ಹಾಗೆಂದು ಬರೆ. ಸೊಳ್ಳೆಯ ಹೆಸರು ಹೇಳಬೇಡ.

ನೀನೇ ಬಂದುಬಿಡು ಎಂದೆ. ನಾನು ಯಾಕೆ ಬರುವುದಿಲ್ಲ ಎಂದು ನಿನಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

ಪಕ್ಕದ ಊರಿನ ಬಸ್ತಿಗೆ ದೀಕ್ಷೆ ತೆಗೆದುಕೊಂಡ ಮಾತಾಜಿಯವರೊಬ್ಬರು ಮಳೆಗಾಲದ ಚಾತುರ್ಮಾಸಕ್ಕೆ ಬರುತ್ತಾರಂತೆ. ನಿನ್ನ ಅರ್ಥಗಳು ಸಾಕು. ಅವರ ಪಾದದ ಹತ್ತಿರ ಹೋಗಿ ಕೂಡುತ್ತೇನೆ.

ಕಾಶಿಬಾಯಿ


ಜುಗೂಳ
೧೫ ಜುಲೈ ೧೯೮೮

ಅಕ್ಕನಿಗೆ ಬೀಗನ ಜಯಜಿನೇಂದ್ರ, ತಮ್ಮನ ಸಾಷ್ಟಾಂಗ.

ನಿನ್ನ ಸಿಟ್ಟಿನ ಕಾಗದ ಓದಿ ಲಕ್ಷ್ಮಿಬಾಯಿ ಅತ್ತಳು. ಅವಳದು ಏನೂ ತಪ್ಪಿಲ್ಲ. ಅವಳು ನಿನ್ನ ಮಗಳಿಗೆ ತಲೆಗೆ ಎಣ್ಣೆ ಒತ್ತಿ, ಕೂದಲು ಬಾಚಿ, ತುತ್ತು ಮಾಡಿ ಬಾಯಿಗೆ ಇಡುತ್ತಾಳೆ. ನನಗೆ ಮದುವೆಯಾದಾಗಿನಿಂದ ಒಂದು ತುತ್ತು ಇಟ್ಟಿಲ್ಲ.

ಹೊಳೆ ತುಂಬಿ ಬಂದಿದೆ. ಮಲಕಾರಿ ದೋಣಿ ಎಳೆದು ಬೇವಿನ ಮರಕ್ಕೆ ಕಟ್ಟಿದ್ದಾನೆ. ಕನಸು ಹೇಳುವವರು ಯಾರೂ ಇಲ್ಲ, ನನ್ನ ಅಂಗಡಿ ಬಂದ್ ಆಗಿದೆ. ಗಣಪತಿ ಹಬ್ಬದ ಹೊತ್ತಿಗೆ ನೀರು ಇಳಿಯುತ್ತದೆ, ಆಗ ದೋಣಿ ಬಿಡುತ್ತಾನೆ.

ಒಂದು ಸಾಲು ಬರೆ. ಬೈದು ಬರೆದರೂ ನಡೆಯುತ್ತದೆ.

ಪಾರಿಸ


ಜುಗೂಳ
೨೦ ಆಗಸ್ಟ್ ೧೯೮೮

ಅಕ್ಕ,

ನನ್ನ ಹಿಂದಿನ ಕಾಗದಕ್ಕೆ ಉತ್ತರ ಇಲ್ಲ. ಅದರ ಮೇಲೆ ಬರೆದದ್ದಕ್ಕೂ ಇಲ್ಲ. ಟಪಾಲಿನವನನ್ನು ದಿನಾ ಕೇಳಿ ಕೇಳಿ ಅವನೇ ಈಗ ನನ್ನನ್ನು ಕಂಡರೆ ಸೈಕಲ್ ತಿರುಗಿಸುತ್ತಾನೆ.

ಹೋದ ವಾರ ಜಯಪಾಲನನ್ನು ಸೇತುವೆ ಸುತ್ತಿ ಬಸ್ಸಿನಲ್ಲಿ ನಿಮ್ಮಲ್ಲಿಗೆ ಕಳಿಸಿದೆ. ಮಾವ ನಿಪ್ಪಾಣಿಯಲ್ಲಿದ್ದರಂತೆ. ನೀನು ಅಳಿಯನಿಗೆ ಕಾಲಿಗೆ ನೀರು ಕೊಟ್ಟೆಯಂತೆ, ತಾಟು ತುಂಬ ಬಡಿಸಿದೆಯಂತೆ, ತಲೆ ಎತ್ತಿ ನೋಡಲಿಲ್ಲವಂತೆ. ಅವನು ಹೊರಡುವಾಗ ಚೀಲ ಬಿಚ್ಚಿ ಹಿಡಿದು ನಿಂತನಂತೆ, ಅತ್ತೆ ಏನಾದರೂ ಹಾಕುತ್ತಾಳೆ ಎಂದು. ನೀನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆಯಂತೆ. ಒಂದು ಅಂಟಿನ ಉಂಡೆ ಇಲ್ಲ, ಮಗಳಿಗೆ ಹೇಳು ಎಂದು ಒಂದು ಮಾತಿಲ್ಲ. ಹುಡುಗ ಖಾಲಿ ಚೀಲ ಮಡಿಚಿಕೊಂಡು ಬಂದ. ಶೇವಂತಾ ಆ ಚೀಲವನ್ನು ತೆಗೆದು, ತಿರುವಿ, ಒದರಿ ನೋಡಿದಳು. ಆಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದಳು.

ನನಗೆ ತಮಾಷೆ ಮಾಡಲು ಬರುತ್ತದೆ, ಸಿಟ್ಟು ಮಾಡಲು ಬರುವುದಿಲ್ಲ. ಆದರೆ ಅವತ್ತು ನನಗೂ ಸಿಟ್ಟು ಬಂತು. ನನ್ನ ಮೇಲಿನ ಸಿಟ್ಟನ್ನು ಆ ಹುಡುಗಿಯ ಮೇಲೆ ಯಾಕೆ ತೀರಿಸುತ್ತೀಯ?

ಅವಳ ಕಾಲುಗಳು ಬಾತುಕೊಂಡಿವೆ. ಇದನ್ನು ಬರೆಯಬಾರದು ಎಂದುಕೊಂಡಿದ್ದೆ.

ಪಾರಿಸ


ಜುಗೂಳ
೨೩ ಸೆಪ್ಟೆಂಬರ್ ೧೯೮೮

ಅಕ್ಕ,

ಕಾಗವಾಡದ ನರ್ಸಬಾಯಿ ಎರಡು ದಿನಕ್ಕೊಮ್ಮೆ ಬರುತ್ತಾಳೆ. ರಕ್ತದ ಒತ್ತಡ ಏರಿದೆ ಎನ್ನುತ್ತಾಳೆ. ತಲೆನೋವು ಹೆಚ್ಚಾದರೆ, ಕಣ್ಣು ಮಂಜಾದರೆ, ಒಂದು ಗಳಿಗೆ ತಡಮಾಡದೆ ಮಿರಜಿಗೆ ಒಯ್ಯಿರಿ, ದೊಡ್ಡ ದವಾಖಾನೆಯಲ್ಲೇ ಹೆರಿಗೆ ಆಗಬೇಕು ಎಂದು ಹೇಳಿದ್ದಾಳೆ. ಜೀಪು ಹೇಳಿಟ್ಟಿದ್ದೇನೆ.

ಆದರೆ ಶೇವಂತಾ ಯಾವುದರಲ್ಲೂ ಹತ್ತುವುದಿಲ್ಲ. ಜೀಪು ಎಂದರೆ ನಡುಗುತ್ತಾಳೆ. ಗಾಡಿ ಎಂದರೂ ನಡುಗುತ್ತಾಳೆ. ಕಾಲು ನೆಲ ಬಿಟ್ಟರೆ ಕೂಸು ಹೋಗುತ್ತದೆ ಎನ್ನುತ್ತಾಳೆ. ಜಯಪಾಲ ಹೇಳಿದ, ಲಕ್ಷ್ಮಿಬಾಯಿ ಹೇಳಿದಳು, ನಾನು ಕೈ ಮುಗಿದೆ. ಒಂದೇ ಮಾತು: "ಅವ್ವ ಬರ್ಲಿ. ಅವ್ವ ಕೈ ಹಿಡದ್ರ ಹತ್ತತೀನಿ."

ಹೊಳೆ ಇಳಿದಿದೆ. ಮಲಕಾರಿ ದೋಣಿ ಬಿಟ್ಟಿದ್ದಾನೆ.

ಸಿಟ್ಟಿದ್ದರೆ ಸಿಟ್ಟು ಕಟ್ಟಿಕೊಂಡೇ ಬಾ. ನನ್ನ ಜೊತೆ ಮಾತಾಡಬೇಡ. ಬಾ.

ಪಾರಿಸ


ಹೊಳೆಯ ಈಚೆ ದಂಡೆ, ಖಿದ್ರಾಪುರ
೨೮ ಸೆಪ್ಟೆಂಬರ್ ೧೯೮೮, ಬೆಳಿಗ್ಗೆ

ಪಾರಿಸ,

ಚಹಾದಂಗಡಿಯವನ ಹತ್ತಿರ ಕಾಗದ, ಪೆನ್ಸಿಲ್ಲು ಇಸಿದುಕೊಂಡು ಬರೆಯುತ್ತಿದ್ದೇನೆ. ಮಲಕಾರಿ ತಂದುಕೊಡುತ್ತಾನೆ. ನಾನು ಬಂದಿದ್ದೇನೆ. ದಂಡೆಯ ತನಕ ಬಂದಿದ್ದೇನೆ. ನಿಮಗೆ ಕಾಣದ ಹಾಗೆ ಗುಡಿಯ ಗೋಡೆಯ ಮರೆಯಲ್ಲಿ ಕೂತಿದ್ದೇನೆ.

ನನಗೆ ಸಿಟ್ಟಿರಲಿಲ್ಲ. ಚಾತುರ್ಮಾಸ ಶುರುವಾದ ದಿನ ಮಾತಾಜಿಯವರ ಮುಂದೆ ದೇಶವ್ರತ ತೆಗೆದುಕೊಂಡೆ. ಗಡಿ ಹಾಕಿಕೊಳ್ಳುವ ವ್ರತ. ನಾನು ಹಾಕಿದ ಗಡಿ ಕೃಷ್ಣೆ. ದೀಪಾವಳಿಯ ತನಕ ಈ ಹೊಳೆ ದಾಟುವುದಿಲ್ಲ ಎಂದೆ. ದಾಟದಿದ್ದರೆ ಮುಗಿಯಲಿಲ್ಲ. ಗಡಿಯಾಚೆಗೆ ವಸ್ತು ಕಳಿಸಬಾರದು, ಆಚೆಯಿಂದ ತರಿಸಬಾರದು, ಈಚೆ ನಿಂತು ಆಚೆಯವರನ್ನು ಕೂಗಬಾರದು, ಮುಖ ತೋರಿಸಿ ಸನ್ನೆ ಮಾಡಬಾರದು, ಒಂದು ಮಣ್ಣಿನ ಹೆಂಟೆಯನ್ನೂ ಎಸೆಯಬಾರದು. ಅದಕ್ಕೇ ಕಾಗದ ನಿಲ್ಲಿಸಿದೆ. ಅದಕ್ಕೇ ಜಯಪಾಲನ ಚೀಲ ಖಾಲಿ ಹೋಯಿತು. ಉಂಡೆ ಕಟ್ಟಿ ಡಬ್ಬಿಯಲ್ಲಿ ತುಂಬಿಟ್ಟಿದ್ದೆ, ಪಾರಿಸ. ಒಳಗೆ ಬಾಗಿಲು ಹಾಕಿಕೊಂಡು ಆ ಡಬ್ಬಿಯನ್ನೇ ಹಿಡಿದು ಕೂತಿದ್ದೆ.

ಯಾಕೆ ತೆಗೆದುಕೊಂಡೆ ಎಂದು ಈಗ ಹೇಳುತ್ತೇನೆ. ದೋಣಿಯಲ್ಲಿ ಯಾರಿದ್ದರು ಎಂದು ನೀನು ಕೇಳಿದ್ದೆ. ಶೇವಂತಾ ಇದ್ದಳು. ಅವಳು ಒಳಗೆ ಸುಮ್ಮನೆ ಕೂತಿರುತ್ತಾಳೆ. ದೋಣಿ ಅಲ್ಲಾಡುವುದಿಲ್ಲ, ನೀರು ಕನ್ನಡಿಯ ಹಾಗಿರುತ್ತದೆ. ನಾನು ದಂಡೆಯಿಂದ ಒಂದು ಕಾಲು ಒಳಗಿಡುತ್ತೇನೆ. ನನ್ನ ಕಾಲು ಇಟ್ಟ ಕೂಡಲೇ ಹೊರಳುತ್ತದೆ. ಪ್ರತಿ ಸಲ ನನ್ನ ಕಾಲಿಗೇ. ಮಗಳನ್ನು ಮುಳುಗಿಸುವವಳು ನಾನು ಎಂದು ಯಾರಿಗೆ ಹೇಳಲಿ? ಮಾತಾಜಿಯವರಿಗೂ ಹೇಳಲಿಲ್ಲ. ಆ ಕಾಲನ್ನೇ ಕಟ್ಟಿಹಾಕಿದರೆ ಅವಳು ಉಳಿಯುತ್ತಾಳೆ ಎಂದುಕೊಂಡೆ. ಹೊಳೆ ಇಳಿಯುವುದರೊಳಗೆ ನೀವೇ ಅವಳನ್ನು ಬಸ್ಸಿನಲ್ಲೋ ಜೀಪಿನಲ್ಲೋ ನನ್ನ ಹತ್ತಿರ ತರುತ್ತೀರಿ ಎಂದುಕೊಂಡೆ.

ಮೊನ್ನೆ ನಿನ್ನ ಕಾಗದ ಸಿಕ್ಕಿತು. ನಿಮ್ಮ ಮಾವ "ಮಾತಾಜಿಯವರನ ಕೇಳಿ ವ್ರತ ಬಿಡಿಸ್ಕೊಂಡ ಹೋಗು" ಎಂದರು. ಕೇಳಿದ್ದರೆ ಬಿಡಿಸುತ್ತಿದ್ದರೋ ಏನೋ. ಅಲ್ಲಿಗೆ ಹೋಗಿ ಬರುವುದರಲ್ಲಿ ಒಂದು ದಿನ ಹೋಗುತ್ತಿತ್ತು. ಆ ದಿನ ನನ್ನ ಕೈಯಲ್ಲಿ ಇರಲಿಲ್ಲ. ಸೀದಾ ಇಲ್ಲಿಗೆ ಬಂದೆ. ಬಂದ ಮೇಲೆ ಕಾಲು ಏಳುತ್ತಿಲ್ಲ.

ಈ ಚೀಟಿ ಕಳಿಸಿದ ಕೂಡಲೇ ಅರ್ಧ ವ್ರತ ಮುರಿದ ಹಾಗೆ. ಅದರ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತೇನೆ, ಅದಕ್ಕೆ ಹೆದರಿಕೆ ಇಲ್ಲ. ಹೆದರಿಕೆ ದೋಣಿಯದು. ನಿಜ ಹೇಳು, ಆ ಕನಸಿಗೆ ಏನು ಅರ್ಥ? ಶೇವಂತಾ ಹೇಗಿದ್ದಾಳೆ?

ಅಕ್ಕ


ಜುಗೂಳ ಘಾಟು
೨೮ ಸೆಪ್ಟೆಂಬರ್

ಅಕ್ಕ,

ಶೇವಂತಾಳಿಗೆ ಬೆಳಿಗ್ಗೆಯಿಂದ ನೋವು. ಕಣ್ಣು ಮಂಜು ಎನ್ನುತ್ತಾಳೆ. ನರ್ಸಬಾಯಿ ಹೊತ್ತು ಮೀರುತ್ತಿದೆ ಎಂದು ಎಲ್ಲರನ್ನೂ ಬೈಯುತ್ತಿದ್ದಾಳೆ. ಜೀಪು ಮನೆಯ ಮುಂದೆ ನಿಂತಿದೆ. ಬಲವಂತದಿಂದ ಎತ್ತಲು ಹೋದೆವು. ಬಾಗಿಲ ಚೌಕಟ್ಟು ಹಿಡಿದಳು, ಬೆರಳು ಬಿಡಿಸಲು ಆಗಲಿಲ್ಲ.

ಕನಸಿಗೆ ಅರ್ಥ ನನಗೆ ಗೊತ್ತಿಲ್ಲ. ಎಂದೂ ಗೊತ್ತಿರಲಿಲ್ಲ. ಗೊತ್ತಿರುವುದು ಒಂದೇ, ಅದನ್ನು ನಿನ್ನಿಂದ ಮುಚ್ಚಿಟ್ಟೆ.

ಜೂನ್ ಹದಿನಾರಕ್ಕೆ ನಾವು ಹೊರಟಿದ್ದೆವು. ಹಲ್ಲಿ, ಎತ್ತು, ಎಲ್ಲ ಸುಳ್ಳು. ಇನ್ನೂ ದಂಡೆ ಬಿಟ್ಟು ಸ್ವಲ್ಪ ದೂರವೂ ಹೋಗಿರಲಿಲ್ಲ, ಶೇವಂತಾಳಿಗೆ ನಿನ್ನ ಕನಸು ನೆನಪಾಗಿ ಮುಖ ಬಿಳುಪಾಯಿತು. ಅವಳನ್ನು ನಗಿಸಬೇಕು ಎಂದು ನಾನು ಎದ್ದು ನಿಂತೆ. ಟೋಪಿ ತಲೆಕೆಳಗೆ ಹಾಕಿಕೊಂಡು ಬೀಗತಿಯ ಹಾಗೆ, ನಿನ್ನ ಹಾಗೆ, ಸೊಂಟದ ಮೇಲೆ ಕೈಯಿಟ್ಟು ನಡೆದು ತೋರಿಸಿದೆ. ಮಲಕಾರಿ "ಕುಂಡರೋ ಪಾರಿಸಣ್ಣಾ" ಎಂದು ಕೂಗಿದ. ದೋಣಿ ಮಗ್ಗುಲಾಯಿತು. ಎದೆಮಟ್ಟದ ನೀರು, ಎಲ್ಲರೂ ಬದುಕಿದೆವು. ಅವಳು ಒಮ್ಮೆ ಪೂರ್ತಿ ಮುಳುಗಿ ಎದ್ದಳು. ಮಲಕಾರಿ ಕೈ ಹಿಡಿದು ಎಳೆದ. ಅವತ್ತಿನಿಂದ ಅವಳು ಹೀಗೆ.

ಮಾವನ ಗಾಡಿ ಆಚೆ ದಂಡೆಗೆ ಇನ್ನೂ ಬಂದಿರಲಿಲ್ಲ. ನೀನು ಹೆದರುತ್ತೀಯ ಎಂದು ನಾನು ಹೇಳಲಿಲ್ಲ, ಮನೆಯವರಿಗೂ ಹೇಳಗೊಡಲಿಲ್ಲ. ನಾನೂ ಹೆದರಿದೆ, ನಿನ್ನ ಕನಸು ನಿಜವಾಯಿತು ಎಂದು. ಈಗ ನಿನ್ನ ಚೀಟಿ ಓದಿದೆ. ಅಕ್ಕ, ದೋಣಿ ಹೊರಳಿದಾಗ ನೀನು ಅದರಲ್ಲಿ ಇರಲಿಲ್ಲ. ನೀನು ಭೋಜದಲ್ಲಿ ಬೇಳೆ ನೆನೆಹಾಕುತ್ತಿದ್ದೆ. ಹೊರಳಿದ್ದು ನಿನ್ನ ಕಾಲಿಗಲ್ಲ, ನನ್ನ ಕಾಲಿಗೆ. ಇದನ್ನು ಜೂನಿನಲ್ಲೇ ಬರೆದಿದ್ದರೆ ನೀನು ಈಗ ಅವಳ ಪಕ್ಕದಲ್ಲಿ ಇರುತ್ತಿದ್ದೆ.

ನಾನು ಆಚೆ ಬಂದು ನಿನ್ನನ್ನು ಕರೆತರಬೇಕು. ಆದರೆ ನಾನು ಆ ದೋಣಿಗೆ ಕಾಲಿಡುವುದಿಲ್ಲ, ಇವತ್ತಂತೂ ಇಡುವುದಿಲ್ಲ. ಮಲಕಾರಿಗೆ ಹೇಳಿದ್ದೇನೆ, ದೋಣಿ ತುಂಬುವ ತನಕ ಕಾಯುವುದು ಬೇಡ, ಅಕ್ಕನೊಬ್ಬಳನ್ನೇ ಕೂಡಿಸಿಕೊಂಡು ಬಾ ಎಂದು.

ಪಾರಿಸ


೨೮ ಸೆಪ್ಟೆಂಬರ್
ದೋಣಿಯಲ್ಲಿ

ಪಾರಿಸ,

ನಿನ್ನ ಚೀಟಿಯ ಬೆನ್ನಿಗೇ ಬರೆಯುತ್ತಿದ್ದೇನೆ. ಓದಿ ಮುಗಿಸಿದಾಗ ನಿನ್ನನ್ನು ಬೈಯಲು ಎಷ್ಟು ಮಾತು ಬಂದವು ಎಂದರೆ, ಬೈಯುತ್ತಲೇ ಎದ್ದು ನಡೆದುಬಿಟ್ಟೆ. ದಂಡೆಯ ಕೆಸರು ತುಳಿದದ್ದೂ ತಿಳಿಯಲಿಲ್ಲ. ಮಲಕಾರಿ ಕೈ ಕೊಟ್ಟ. ಬಲಗಾಲು ಇಟ್ಟೆ. ದೋಣಿ ಅಲ್ಲಾಡಿತು. ಮಲಕಾರಿ ಹುಟ್ಟು ಊರಿ ಹಿಡಿದ. ಎಡಗಾಲು ಇಟ್ಟೆ. ಮತ್ತೆ ಅಲ್ಲಾಡಿ ಸುಮ್ಮನಾಯಿತು.

ನಾನು ನೀರನ್ನೇ ನೋಡುವುದನ್ನು ಕಂಡು ಅವನು ಹೇಳಿದ: "ನೀರ ನೋಡಬ್ಯಾಡ್ರಿ ಅಕ್ಕಾರ, ಬ್ಯಾರೆ ಏನರ ನೋಡ್ರಿ." ನೋಡಲು ಈ ಕಾಗದ ಬಿಟ್ಟು ಬೇರೆ ಏನೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಇದನ್ನು ಕಳಿಸಲು ಬರೆಯುತ್ತಿಲ್ಲ, ಕಣ್ಣು ಎತ್ತದಿರಲು ಬರೆಯುತ್ತಿದ್ದೇನೆ.

ನೀನು ನನ್ನ ಹಾಗೆ ನಡೆದು ತೋರಿಸಿದೆಯಲ್ಲ, ಸೊಂಟದ ಮೇಲೆ ಕೈ ಇಟ್ಟು. ನಾನು ಹಾಗೆ ನಡೆಯುವುದಿಲ್ಲ. ಅವಳು ನಕ್ಕಳೇ? ಅದನ್ನು ನೀನು ಬರೆಯಲಿಲ್ಲ.

ವ್ರತ ಮುರಿಯಿತು. ನೀರಿನ ಯಾವ ಗೆರೆಯಲ್ಲಿ ಮುರಿಯಿತೋ ಗೊತ್ತಾಗಲಿಲ್ಲ, ಹೊಳೆಯಲ್ಲಿ ಗೆರೆ ಕಾಣುವುದಿಲ್ಲ. ಪಾಪ ನನ್ನದು, ನನ್ನ ಹೆಸರಿಗೆ ಇರಲಿ. ಶೇವಂತಾಳ ಹೆಸರಿಗೂ ಬೇಡ, ಆ ಕೂಸಿನ ಹೆಸರಿಗೂ ಬೇಡ.

ಅವಳ ಕೈ ಹಿಡಿಯುತ್ತೇನೆ. ಜೀಪಿನಲ್ಲಿ ನಾನು ಮೊದಲು ಹತ್ತುತ್ತೇನೆ, ಆಮೇಲೆ ಅವಳು. ನೀನು ಮುಂದೆ ಡ್ರೈವರನ ಪಕ್ಕ ಕೂಡು, ಹಿಂದೆ ತಿರುಗಿ ನೋಡಬೇಡ, ಮಾತಾಡಬೇಡ.

ಮಲಕಾರಿ ನಡುನೀರು ದಾಟಿತು ಎಂದ. ಒಂದು ಸಲ ತಲೆ ಎತ್ತಿದೆ. ದಂಡೆಯ ಮೇಲೆ ನೀನು ಕಾಣುತ್ತಿದ್ದೀಯ. ನಿನ್ನ ಹಿಂದೆ ಜನ ಇದ್ದಾರೆ, ಅವರಲ್ಲಿ ಒಬ್ಬಳು ಊರ ಕಡೆಯಿಂದ ಓಡಿ ಬಂದು ನಿನ್ನ ಕಿವಿಯಲ್ಲಿ ಏನೋ ಹೇಳಿದಳು. ಈಗ ನೀನು ಎರಡೂ ಕೈ ಮೇಲೆತ್ತಿ ಬೀಸುತ್ತಿದ್ದೀಯ. ಬೇಗ ಬಾ ಎನ್ನುತ್ತಿದ್ದೀಯೋ, ಕೂಸು ಬಂತು ಎನ್ನುತ್ತಿದ್ದೀಯೋ, ಬೇರೆ ಏನೋ, ಇಷ್ಟು ದೂರದಿಂದ ತಿಳಿಯುವುದಿಲ್ಲ.

ಅದಕ್ಕೆ ನಾನು ಅರ್ಥ ಕಟ್ಟಿಕೊಳ್ಳುವುದಿಲ್ಲ. ದೋಣಿ ದಂಡೆಗೆ ತಾಗಲಿ, ನಾನು ಇಳಿಯುತ್ತೇನೆ. ಆಗ ನೀನೇ ಬಾಯಿಬಿಟ್ಟು ಹೇಳು.